ಪರದೇಶದಾಗ ಕುಂತು ಊರ ರಾಜಕೀಯದ ಚಿಂತಿ: ನೀವು ಹೆಂಗ ಸಂಭಾಳಸ್ತೀರಿ? ಅನುಭವ ಇದ್ದವರು ಹೇಳ್ರಿ

ಕೇಳಿದವರು, ಮುಧೋಳ ತಾಲೂಕು, ಈಗ ಜರ್ಮನಿ:

ನಮಸ್ಕಾರ್ರೀ ಎಲ್ಲಾರಿಗೂ. ನಾನು ಸ್ಟುಟ್‌ಗಾರ್ಟ್‌ಗೆ ಬಂದು ಒಂದೂವರೆ ವರ್ಷ ಆತು, ಊರಾಗ ಅಪ್ಪಂದು ಆರು ಎಕರೆ ಕಬ್ಬು ಐತಿ. ಊರಾಗ ಇದ್ದಾಗ ನಾನು ರಾಜಕೀಯ ಇಷ್ಟು ನೋಡ್ತಿದ್ದಿಲ್ಲ, ಇಲ್ಲಿ ಬಂದ ಮ್ಯಾಲ ಅದೇ ಚಟ ಆಗೇತಿ, ರಾತ್ರಿ ಒಂದು ಗಂಟೆ ಆದ್ರೂ ಕನ್ನಡ ನ್ಯೂಸ್ ವಿಡಿಯೊ ನೋಡ್ಕೊತ ಬಿದ್ದಿರ್ತೀನಿ, ಮುಂಜಾನೆ ಮೀಟಿಂಗಿನ್ಯಾಗ ತಲಿ ಓಡಂಗಿಲ್ಲ. 2025ರ ನವೆಂಬರ್‌ದಾಗ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನ್ಯಾಗ ರೈತರು ಕಬ್ಬಿಗೆ ಟನ್ನಿಗೆ 3500 ಬೇಕಂತ ಕುಂತಾಗ ನಾನು ಮನಿ ಗ್ರೂಪಿನ್ಯಾಗ "ರಸ್ತಾ ಬಂದ್ ಮಾಡಿದ್ರ ಮಂದಿಗೆ ತ್ರಾಸ, ಜರ್ಮನಿಯಾಗ ಹಿಂಗೆಲ್ಲಾ ಮಾಡಂಗಿಲ್ಲ, ಕುಂತು ಮಾತಾಡ್ತಾರ" ಅಂತ ಬರದೆ. ಅವತ್ತು ನಮ್ಮ ಕಾಕಾ ಅಲ್ಲೇ ರಸ್ತೆದಾಗ ಕುಂತಿದ್ದ. ಗ್ರೂಪ್ ಬಿಟ್ಟು ಹೋದ, ಇವತ್ತಿಗೂ ಮಾತಿಲ್ಲ. ಅಪ್ಪನೂ "ಊಟಾ ಆತೇನು" ಅನ್ನೋದ್ರಾಗ ಫೋನ್ ಮುಗಸ್ತಾನ. ಊರ ಸುದ್ದಿ ನೋಡೋದು ಪೂರಾ ಬಿಡ್ಲ್ಯಾ? ಇಲ್ಲಿಂದ ವೋಟಾದ್ರೂ ಹಾಕಾಕ ಬರ್ತೈತಾ? ನೀವೆಲ್ಲಾ ಹೆಂಗ ಮಾಡೀರಿ?

ಗೋಕಾಕದವರು, ದುಬೈ:

ವೋಟಿಂದಷ್ಟು ನಾನು ಹೇಳ್ತೀನಿ, ಉಳಿದದ್ದು ದೊಡ್ಡವರು ಹೇಳ್ಲಿ. ಅಲ್ಲೇ ಕುಂತು ಆನ್‌ಲೈನ್‌ದಾಗೋ ಟಪಾಲಿನ್ಯಾಗೋ ಹಾಕಾಕ ಬರಂಗಿಲ್ರೀ. ಟಪಾಲಿನ ಸವಲತ್ತು ಮಿಲಿಟರಿಯವರಿಗೆ, ಹೊರದೇಶದಾಗ ಸರ್ಕಾರದ ಕೆಲಸಕ್ಕ ಹೋದವರಿಗೆ ಐತಿ, ನಮ್ಮಂಥ ನೌಕರಿ ಮಾಡೋರಿಗಿಲ್ಲ. 2010ರಾಗ ಕಾಯ್ದೆ ತಿದ್ದಿ 2011ರಿಂದ ನಮಗೂ ಹಕ್ಕು ಕೊಟ್ಟಾರ, ಆದ್ರ ಪಾಸ್‌ಪೋರ್ಟಿನ್ಯಾಗ ಯಾವ ಊರ ವಿಳಾಸ ಐತೋ ಆ ಬೂತಿಗೆ ಖುದ್ದು ಹೋಗಬೇಕು, ಒರಿಜಿನಲ್ ಪಾಸ್‌ಪೋರ್ಟ್ ತೋರಿಸಬೇಕು. ಅದಕ್ಕ ನಮೂನೆ 6ಎ ತುಂಬಬೇಕು, ಚುನಾವಣಾ ಆಯೋಗದ ವೆಬ್‌ಸೈಟಿನ್ಯಾಗ ಐತಿ, ಪಾಸ್‌ಪೋರ್ಟ್ ಮತ್ತ ವೀಸಾ ಪುಟದ ಕಾಪಿ ಹಚ್ಚಬೇಕು, ಬಿಎಲ್‌ಓ (ಬೂತ್ ಮಟ್ಟದ ಅಧಿಕಾರಿ) ಮನಿಗೆ ಬಂದು ವಿಚಾರಸ್ತಾರ, ಹಂಗಾಗಿ ಅಪ್ಪಗ ಮೊದಲೇ ಹೇಳಿಟ್ಟಿರ್ರಿ. ಬ್ಯಾರೆ ದೇಶದ ಪೌರತ್ವ ತಗೊಂಡ್ರ ಈ ಹಕ್ಕು ಹೋಗ್ತೈತಿ.

2023ರ ಮೇ 10ರ ವಿಧಾನಸಭೆ ಚುನಾವಣೆಗೆ ನಾನು ಬಂದು ಹಾಕೀನಿ. ದುಬೈಯಿಂದ ಗೋವಾಕ್ಕ ಇಳಿದು, ಚೋರ್ಲಾ ಘಾಟ್ ಹತ್ತಿ, ರಾತ್ರಿ ಎರಡಕ್ಕ ಮನಿ ಮುಟ್ಟಿದೆ. ಬೂತಿನ್ಯಾಗ ನನ್ನ ಹೆಸರು ಹುಡಕಾಕ ಹತ್ತು ನಿಮಿಷ ಹಿಡೀತು, ಹೊರದೇಶದವರ ಹೆಸರು ಪಟ್ಟಿಯ ಕಡೀಕ ಬ್ಯಾರೆನೇ ಇರ್ತಾವ, ಅಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ, ಪಾಳಿಯಾಗ ನಿಂತ ಮಂದಿ ಎಲ್ಲಾ ನನ್ನೇ ನೋಡಾಕತ್ತಿದ್ರು. 2024ರ ಲೋಕಸಭೆಗೆ ಬರಾಕ ರಜಾ ಸಿಗಲಿಲ್ಲ, ನಮ್ಮ ಕಡೆ ಮೇ 7ಕ್ಕಿತ್ತು. ಆ ಸಲ ಇಡೀ ದೇಶದಾಗ ನಮ್ಮಂಥವರ ಹೆಸರು 1 ಲಕ್ಷ 19 ಸಾವಿರ ಇದ್ವು, ಬಂದು ಹಾಕಿದವರು 3 ಸಾವಿರದ ಒಳಗ, ಅದರಾಗೂ ಹೆಚ್ಚಿನವರು ಕೇರಳದವರು. ಅವರು ಹಟ ಹಿಡಿದು ಬರ್ತಾರ್ರೀ, ನನಗ ಅವರ ಬಗ್ಗೆ ಭಾಳ ಗೌರವ ಐತಿ.

ಮೂಡಲಗಿ ಕಡಿಯವರು, ಮ್ಯೂನಿಕ್:

ತಮ್ಮಾ, ಬ್ಯಾಸರ ಮಾಡ್ಕೋಬ್ಯಾಡ, ಆದ್ರ ಒಂದು ಮಾತು ತಪ್ಪು ಬರದಿ. ಜರ್ಮನಿಯಾಗ ಹಿಂಗ ಮಾಡಂಗಿಲ್ಲ ಅನ್ನೋದು ಖರೇ ಅಲ್ಲ. ನೀ ಬರೋಕಿಂತ ಮೊದಲ, 2024ರ ಜನವರಿಯಾಗ, ರೈತರಿಗೆ ಕೊಡೋ ಡೀಸೆಲ್ ಸಬ್ಸಿಡಿ ತಗೀತೀವಿ ಅಂತ ಸರ್ಕಾರ ಅಂದದ್ದಕ್ಕ ಇಲ್ಲಿನ ರೈತರು ಟ್ರ್ಯಾಕ್ಟರ್ ತಗೊಂಡು ಆಟೋಬಾನ್ (ಇಲ್ಲಿನ ದೊಡ್ಡ ಹೈವೇ) ಹತ್ತೋ ದಾರಿ ಬಂದ್ ಮಾಡಿದ್ರು, 15ನೇ ತಾರೀಖಿಗೆ ಬರ್ಲಿನ್‌ದಾಗ ಸಾವಿರಾರು ಟ್ರ್ಯಾಕ್ಟರ್ ನಿಂತಿದ್ವು. ನಾನು ಆ ವಾರ ಆಫೀಸಿಗೆ ಎರಡು ತಾಸು ತಡಾ ಹೋಗೀನಿ. ನಮ್ಮ ಆಫೀಸಿನ ಜರ್ಮನ್ ಮಂದಿ ಬೈದವರೂ ಇದ್ರು, ಹೌದು ಅಂದವರೂ ಇದ್ರು, ಆದ್ರ ಊರ ಹೊಲದ ಮನಿಯಿಂದ ಬಂದವರು ಒಬ್ರೂ ಬೈಲಿಲ್ಲ.

ಮತ್ತ ಆ 3500ರ ಲೆಕ್ಕ ನಿನಗ ಯಾರರ ಬಿಡಿಸಿ ಹೇಳ್ಯಾರೇನು? ಕೇಂದ್ರ 2025-26ಕ್ಕ ಇಟ್ಟ ಎಫ್‌ಆರ್‌ಪಿ, ಅಂದ್ರ ಕಾರ್ಖಾನಿ ರೈತರಿಗೆ ಕೊಡಲೇಬೇಕಾದ ಕನಿಷ್ಠ ರೇಟು, ಟನ್ನಿಗೆ 3550, ನೋಡಾಕ 3500ಕಿಂತ ಜಾಸ್ತಿನೇ ಕಾಣ್ತೈತಿ, ಟಿವಿ ನೋಡೋರಿಗೆ ಮತ್ಯಾಕ ಕುಂತಾರ ಇವರು ಅನಸ್ತೈತಿ. ಆದ್ರ ಅದು ಸಕ್ಕರಿ ಇಳುವರಿ 10.25 ಪರ್ಸೆಂಟ್ ಬಂದ್ರ ಕೊಡೋ ರೇಟು, ಅದರಾಗ ಕಟಾವು ಸಾಗಾಣಿಕೆ ಖರ್ಚು ಮುರಕೊಂತಾರ. ರೈತರು ಕೇಳಿದ್ದು ಆ ಖರ್ಚು ಬಿಟ್ಟು ಕೈಗೆ ಬರೋ ರೊಕ್ಕ. ಕಡೀಕ 3300ಕ್ಕ ಬಂದು ನಿಂತಿತು, ಅದರಾಗ 50 ಸರ್ಕಾರ ಕೊಡೋದು. ನಮ್ಮಣ್ಣನೂ ಅಲ್ಲಿ ಕುಂತಿದ್ದ. ನಾ ಇಲ್ಲಿ ಕುಂತು ಲೈವ್ ನೋಡಾಕತ್ತಿದ್ದೆ, ರೊಟ್ಟಿ ಗಂಟು ಬಿಚ್ಚಿ ಕುಂತ ಮಂದ್ಯಾಗ ಅವನ ಟಾವೆಲ್ ಕಂಡು ಸ್ಕ್ರೀನ್ ನಿಲ್ಲಿಸಿ ನೋಡಿದೆ.

ಬೀಳಗಿ ತಾಲೂಕಿನವರು, 14 ವರ್ಷ ಒಮಾನ್, ಈಗ ಬಾಗಲಕೋಟೆ ನವನಗರ:

ನಿಂದು ಓದಿ ನನ್ನ ಕಥಿನೇ ಓದಿದಂಗಾತು ತಮ್ಮಾ, ಸ್ವಲ್ಪ ಉದ್ದ ಆಕ್ಕೈತಿ, ಓದು. ನಾ ಸೊಹಾರ್‌ದಾಗ ಇದ್ದೆ, ಮೇಂಟೆನನ್ಸ್ ಕೆಲಸ. ಜೂನ್‌ದಿಂದ ಆಗಸ್ಟ್ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರೂವರೆ ಮಟ ಬಿಸಲಾಗ ಕೆಲಸ ಮಾಡಸಂಗಿಲ್ಲ ಅಂತ ಅಲ್ಲಿ ಕಾನೂನು, ಆ ಮೂರು ತಾಸು ಎಸಿ ರೂಮಿನ್ಯಾಗ ಬಿದ್ದು ಮೊಬೈಲ್ ನೋಡೋದೇ. ಆ ದೇಶದ ರಾಜಕೀಯ ನಾವು ಮಾತಾಡೂ ಹಂಗಿಲ್ಲ, ನಮ್ಮದೂ ಅಲ್ಲ, ಹಂಗಾಗಿ ಮನಸಿನ ಉರಿ ಎಲ್ಲಾ ಊರ ಕಡೇನೇ ಹರೀತಿತ್ತು. ನಂದೊಂದು ಪಕ್ಷ, ನಮ್ಮಣ್ಣಂದು ಒಂದು ಪಕ್ಷ. ಹತ್ತು ನಿಮಿಷ ಫೋನ್ ಮಾಡಿದ್ರ ಎಂಟು ನಿಮಿಷ ಅದೇ ಜಗಳ. ವೈನಿ ಫೋನ್ ಕಸಗೊಂಡು "ಅಣ್ಣಾ ತಮ್ಮಾ ಇಬ್ರೂ ಸಾಕು ಮಾಡ್ರಿ" ಅಂದು ಇಟ್ಟಬಿಡ್ತಿದ್ಲು.

2019ರ ಆಗಸ್ಟ್ ನೆನಪಿರಬೇಕು ನಿನಗ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆ ಬಂದ್ವು. ನಮ್ಮೂರಿಗೆ ನೀರು ಹೊಕ್ಕಿದ್ದು ನನಗ ಗೊತ್ತಾಗಿದ್ದು ಟಿವಿಯಿಂದ. ಅಣ್ಣ ಎರಡು ದಿನ ಫೋನ್ ಮಾಡಿರಲಿಲ್ಲ. ನಾನೇ ಮಾಡಿ, ಯಾಕ ಹೇಳಲಿಲ್ಲ ಅಂತ ಸಿಟ್ಟಿಗೆದ್ದೆ. ಅವ ಶಾಂತ ಆಗಿ ಅಂದ: "ಹೇಳಿದ್ರ ನೀ ಮೊದಲ ಯಾರ ಸರ್ಕಾರದ ತಪ್ಪು ಅಂತ ಹೇಳಾವ. ನಮಗ ಎಮ್ಮಿ ಎಲ್ಲಿ ಕಟ್ಟೋದು ಅನ್ನೋ ಚಿಂತಿ ಇತ್ತು."

ಅವತ್ತು ನಾ ಊಟಾ ಮಾಡಲಿಲ್ಲ. ಈಗ ಬರ್ಯಾಕೂ ಎದಿ ಭಾರ ಆಗ್ತೈತಿ.

ಅದರ ನಂತರ ಒಂದು ಪದ್ಧತಿ ಹಾಕ್ಕೊಂಡೆ. ಮನಿಗೆ ಫೋನ್ ಹಚ್ಚಿದ್ರ ಅವರು ತಾವಾಗಿ ತಗದ್ರ ಅಷ್ಟೇ ರಾಜಕೀಯ, ನಾ ತಗ್ಯಾಂಗಿಲ್ಲ. ಹೊಲದ್ದು ಕೇಳೋದು, ಮಂದಿ ಆರಾಮಿದ್ದಾರಾ ಕೇಳೋದು, ಸಾಲಿ ಮಾಸ್ತರ ಬರ್ತಾರಾ ಇಲ್ಲಾ ಕೇಳೋದು. ಆವಾಗ ಹೊರಗ ಬಿತ್ತು ನೋಡು, ಅಪ್ಪ 2016ರಾಗ ತೀರಿಕೊಂಡು ಮೂರು ವರ್ಷ ಆದ್ರೂ ವಾರಸಾ (ಹೊಲ ವಾರಸುದಾರರ ಹೆಸರಿಗೆ ಮಾಡಸೋದು) ಹಚ್ಚಿಲ್ಲ, ಉತಾರ (ಪಹಣಿ) ಇನ್ನೂ ಅಪ್ಪನ ಹೆಸರಿಲೇ ಐತಿ. ನಮ್ಮದು ಮುಳುಗಡೆ ಆಗೋ ಭೂಮಿ. ಆಲಮಟ್ಟಿ ಗೇಟು 519.6 ಮೀಟರ್‌ದಿಂದ 524.256ಕ್ಕ ಏರಿಸೋ ವಿಷಯ, ಕೃಷ್ಣಾ ನೀರು ಹಂಚೋ ಬ್ರಿಜೇಶ್ ಕುಮಾರ್ ನ್ಯಾಯಾಧಿಕರಣ 2010ರಾಗ ಏನ್ ಅಂತು, 2013ರಾಗ ಏನ್ ಅಂತು, ಗೆಜೆಟ್ ಯಾಕ ಆಗಿಲ್ಲ, ಇದೆಲ್ಲಾ ನನಗ ಬಾಯಿಪಾಠ ಇತ್ತು, ರೂಮಿನ್ಯಾಗ ಎಲ್ಲಾರಿಗೂ ನಾನೇ ತಿಳಿಸಿ ಹೇಳಾವ. ನಮ್ಮ ಹೊಲದ ಸರ್ವೆ ನಂಬರ್ ಕೇಳಿದ್ರ ಮಾತ್ರ ಗೊತ್ತಿದ್ದಿಲ್ಲ. ಪರಿಹಾರ ಬರೋದು ಉತಾರದಾಗ ಹೆಸರಿದ್ದವರಿಗೆ, ನ್ಯೂಸಿನ್ಯಾಗ ವಾದ ಮಾಡಿದವರಿಗಲ್ಲ.

ಆಮ್ಯಾಗ ಮಸ್ಕತ್ತಿನ ನಮ್ಮ ರಾಯಭಾರ ಕಚೇರಿಯಾಗ ಮುಖತ್ಯಾರ ಪತ್ರ (ಪವರ್ ಆಫ್ ಅಟಾರ್ನಿ) ದೃಢೀಕರಿಸಿ ಅಣ್ಣಗ ಕಳಿಸಿದೆ. ಇದು ಎಲ್ಲಾರಿಗೂ ಉಪಯೋಗ ಆಗೋ ಮಾತು, ಹೊರದೇಶದಾಗ ಮಾಡಿದ ಮುಖತ್ಯಾರಕ್ಕ ಭಾರತಕ್ಕ ಬಂದು ಮೂರು ತಿಂಗಳದೊಳಗ ಸ್ಟಾಂಪ್ ಡ್ಯೂಟಿ ತುಂಬಬೇಕು, ತಡಾ ಮಾಡಬ್ಯಾಡ್ರಿ. ವಾರಸಾ ಆತು. ಇನ್ನೊಂದು ತೊಡಕು ಉಳೀತು, ನಾವು ಬೋರ್ ಹಾಕಿ ಹದಿನೈದು ವರ್ಷದಿಂದ ಕಬ್ಬು ಬೆಳಿಯೋ ಭೂಮಿ ಉತಾರದಾಗ ಖುಷ್ಕಿ (ಮಳಿ ನಂಬಿದ ಒಣ ಭೂಮಿ) ಅಂತನೇ ಐತಿ. 2025ರ ಸೆಪ್ಟೆಂಬರ್‌ದಾಗ ಸಂಪುಟ ಸಭೆ ಮುಳುಗಡೆ ಭೂಮಿಯ ಪರಿಹಾರ ನೀರಾವರಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ ಅಂತ ಠರಾಯಿಸಿತು, ಒಂದು ಶಬ್ದಕ್ಕ ಎಕರೆಗೆ 10 ಲಕ್ಷ ವ್ಯತ್ಯಾಸ. ಅದಕ್ಕ ಅರ್ಜಿ ಕೊಟ್ಟು ಒಂದು ಕಚೇರಿಗೆ ನಾನು ಅಣ್ಣ ಇಬ್ರೂ ತಿರಗಾಕತ್ತೀವಿ, ಅಣ್ಣ ಇನ್ನೂ ಅದೇ ಪಕ್ಷ, ನಾ ಇನ್ನೂ ಇದೇ ಪಕ್ಷ, ಒಂದೇ ಮೋಟರ್ ಸೈಕಲ್ ಮ್ಯಾಲ ಹೋಗ್ತೀವಿ.

ನೋಡೋದು ಬಿಡು ಅಂತ ನಾ ಹೇಳಂಗಿಲ್ಲ. ನಮ್ಮ ಊರು ಹೋಗೋದು ಉಳಿಯೋದು ರಾಜಕೀಯದಾಗೇ ನಿರ್ಧಾರ ಆಗ್ತೈತಿ, ಹೆಂಗ ಬಿಡಾಕ ಬರ್ತೈತಿ? ಮೊದಲ ಅಪ್ಪನ ಉತಾರ ತರಿಸಿ ಓದು, ಪಟ್ಟಿ (ಕಂದಾಯ) ಎಷ್ಟು ಬಾಕಿ, ಕಬ್ಬಿನ ಬಿಲ್ಲು ಯಾವ ಕಾರ್ಖಾನಿದು ಎಷ್ಟು ಉಳದೈತಿ ಅದನ್ನ ಕೇಳು, ಆಮ್ಯಾಗ ನ್ಯೂಸ್ ನೋಡು.

ಬೈಲಹೊಂಗಲದವರು, ಐಂಡ್‌ಹೋವನ್:

ನಾನೂ ಒಂದು ಹೇಳ್ತೀನ್ರಿ, ಹೆಣ್ಮಕ್ಕಳ ಕಡಿಯಿಂದ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಶುರು ಆದಾಗ ನಾನು ಇಲ್ಲಿಂದ ಪುಕ್ಕಟೆ ಕೊಟ್ಟು ಮಂದಿನ್ನ ಕೆಡಸ್ತಾರ ಅಂತ ಸ್ಟೇಟಸ್ ಹಾಕಿದ್ದೆ. ನಮ್ಮವ್ವ ಸ್ಟೇಟಸ್ ನೋಡ್ತಾಳ ಅನ್ನೋದೇ ನನಗ ಗೊತ್ತಿರಲಿಲ್ಲ. ಫೋನ್ ಮಾಡಿ ಬೈಲಿಲ್ಲ, ಸವದತ್ತಿಗೆ ಹೋಗಿ ಬಂದೆ ಅಂದ್ಲು. ಯಾರ ಜೋಡಿ ಅಂದೆ. ಒಬ್ಬಾಕಿನೇ ಅಂದ್ಲು. "ನಲವತ್ತು ವರ್ಷ ಆತು, ಎಲ್ಲವ್ವನ ಗುಡ್ಡಕ್ಕ ಹೋಗಬೇಕಂದ್ರ ನಿಮ್ಮಪ್ಪನ ಕಡೆ ಬಸ್ ಚಾರ್ಜ್ ಕೇಳಬೇಕಿತ್ತು, ಅವ ಹೋದ ಮ್ಯಾಲ ನಿಮ್ಮ ಕಡೆ ಕೇಳಬೇಕಿತ್ತು. ಈ ಸಲ ಯಾರನ್ನೂ ಕೇಳಲಿಲ್ಲ ಯವ್ವಾ, ಚೀಲಾ ಹಿಡಕೊಂಡು ಹತ್ತೇಬಿಟ್ಟೆ" ಅಂದ್ಲು. ನಾ ತಿಂಗಳಾ ರೊಕ್ಕ ಕಳಿಸ್ತೀನಲ್ಲಾ ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಕಳಸೋದು ಬ್ಯಾರೆ, ಕೇಳದೇ ಹೋಗೋದು ಬ್ಯಾರೆ, ಅದು ಹೆಣ್ಮಕ್ಕಳಿಗೆ ಗೊತ್ತು. ಯೋಜನೆಯ ಖರ್ಚಿನ ಬಗ್ಗೆ ನನ್ನ ಪ್ರಶ್ನೆ ಇನ್ನೂ ಇದಾವ, ಖರೇ ಹೇಳ್ತೀನಿ, ಆದ್ರ ಈಗ ಅವನ್ನ ಮೊದಲ ಅವ್ವನ ಮುಂದ ಇಡ್ತೀನಿ, ಆಕಿ ಏನಂತಾಳ ಕೇಳ್ತೀನಿ.

ಇನ್ನೊಂದು, ಇದ್ದ ಊರನ್ನೂ ಸ್ವಲ್ಪ ನೋಡ್ರಿ. ನೆದರ್ಲೆಂಡ್ಸಿನ್ಯಾಗ ಐದು ವರ್ಷ ಇದ್ದವರಿಗೆ ಬ್ಯಾರೆ ದೇಶದ ಪಾಸ್‌ಪೋರ್ಟ್ ಇದ್ರೂ ನಗರಸಭೆಗೆ ವೋಟ್ ಐತಿ. 2022ರ ಮಾರ್ಚಿನ್ಯಾಗ ನಾ ಹಾಕೀನಿ, ಟೇಬಲ್ ತುಂಬುವಷ್ಟು ದೊಡ್ಡ ಹಾಳಿ, ಕೆಂಪು ಪೆನ್ಸಿಲ್. ಅದಾದ ಮ್ಯಾಲ ಮಗಳ ಸಾಲಿ ಮುಂದಿನ ಸೈಕಲ್ ದಾರಿ ಬಗ್ಗೆ ಮೀಟಿಂಗಿಗೆ ಹೋದೆ, ನನ್ನ ಹರಕು ಮುರಕು ಡಚ್ ಭಾಷೆದಾಗ ಎರಡು ಮಾತಾಡಿದೆ, ಕೇಳಿಸಿಕೊಂಡ್ರು. ಜರ್ಮನಿಯಾಗ ನಿಮಗ ಆ ವೋಟಿಲ್ಲ, ಆದ್ರ ಸಾಲಿ, ಓಣಿ, ಕೆಲಸದ ಯೂನಿಯನ್ ಇರ್ತಾವಲ್ರೀ. ರಾತ್ರಿ ಒಂದರ ತನಕ ಮೊಬೈಲ್ ನೋಡೋದು ನನಗ ತಾನಾಗೇ ಕಡಿಮಿ ಆತು, ಕೈಗೆ ಬ್ಯಾರೆ ಕೆಲಸ ಬಂದಿತ್ತು.

ಹೊಲದ ಮಾತು ಬಂತಂತ ಇದನ್ನೂ ಸೇರಸ್ತೀನಿ: ಹೊರದೇಶದಾಗ ಇರೋರು ಊರಾಗ ಕೃಷಿ ಭೂಮಿ ಹೊಸದಾಗಿ ಖರೀದಿ ಮಾಡಾಕ ಬರಂಗಿಲ್ಲ, ಅಪ್ಪ ಅವ್ವನಿಂದ ವಾರಸಾ ಬಂದದ್ದು ಇಟ್ಕೋಬಹುದು. ಯಾರೋ ಏನೋ ಹೇಳ್ಯಾರಂತ ಅಡ್ವಾನ್ಸ್ ಕೊಡಬ್ಯಾಡ್ರಿ.

ಇಂಡಿಯವರು, ಅಬುಧಾಬಿ:

ಗಲ್ಫಿನ್ಯಾಗ ಇರೋ ನಮ್ಮ ಹುಡುಗರು ಇದನ್ನ ಓದಾಕತ್ತಿದ್ರ ಒಂದೇ ಮಾತು ಹೇಳ್ತೀನಿ. ಊರ ಜಾತಿ ಧರ್ಮದ ಜಗಳದ ವಿಡಿಯೊ ಫಾರ್ವರ್ಡ್ ಮಾಡಬ್ಯಾಡ್ರಿ. ಇಲ್ಲಿ ಸೈಬರ್ ಕಾನೂನು ಭಾಳ ಬಿಗಿ ಅದ, 2022ರ ಜನವರಿಯಿಂದ ಹೊಸದು ಜಾರಿ ಅದ, ಸುಳ್ಳು ಸುದ್ದಿ ಹಬ್ಬಿಸಿದ್ರ ಜೈಲು, ದಂಡ ಎರಡೂ ಅವ. ನಮ್ಮ ಕ್ಯಾಂಪಿನ್ಯಾಗ ಒಬ್ಬ ಹುಡುಗ ಹಂಗ ಒಂದು ವಿಡಿಯೊ ಕಳಿಸಿ ನೌಕರಿ ಕಳಕೊಂಡು ಊರಿಗೆ ಹೋದ, ಅವನ ತಂಗಿ ಮದುವಿ ಮೂರು ತಿಂಗಳ ಮುಂದಿತ್ತು. ಅವಗ ಆ ವಿಡಿಯೊ ಕಳಿಸಿದವರು ಯಾರೂ ಟಿಕೆಟ್ ತಗಸಲಿಲ್ಲ, ನಾವು ರೂಮಿನವರು ಕೂಡಿ ತಗಸಿದಿವಿ.

ಕೇಳಿದವರು, ಮತ್ತೆ:

ಎಲ್ಲಾರಿಗೂ ಶರಣ್ರೀ. ಬೀಳಗಿ ಅಣ್ಣಾರು ಬರದದ್ದು ಮೂರು ಸಲ ಓದಿದೆ. ನಿನ್ನೆ ರವಿವಾರ ಇಲ್ಲಿ ಅಂಗಡಿ ಎಲ್ಲಾ ಬಂದ್ ಇರ್ತಾವ, ಮನಿಯಾಗ ಕುಂತು ಅಪ್ಪಗ ಫೋನ್ ಹಚ್ಚಿ ಕಬ್ಬು ಕಡಿಯೋ ಗ್ಯಾಂಗ್ ಬಂತಾ ಅಂತಷ್ಟೇ ಕೇಳಿದೆ, ನಲವತ್ತು ನಿಮಿಷ ಮಾತಾಡಿದ. ಗ್ಯಾಂಗಿನವರು ಎಕರೆಗೆ ಮ್ಯಾಲ ಎಷ್ಟು ಕೇಳಾಕತ್ತಾರ, ಲಗಾಣಿ (ಕಬ್ಬು ನಾಟಿ) ಯಾವ ತಾರೀಖಿಂದು, ಪಾಳಿ ಯಾಕ ಹಿಂದ ಬಿದ್ದೈತಿ, ಒಂದೂ ನನಗ ಗೊತ್ತಿರಲಿಲ್ಲ. ಉತಾರದ ಫೋಟೊ ಕಳಸ್ತೀನಿ ಅಂದಾನ. ಕಾಕಾಗ ಎರಡು ಸಲ ಹಚ್ಚಿದೆ, ಎತ್ತಲಿಲ್ಲ. "ಕಾಕಾ, ನಂದು ತಪ್ಪಾತು, ಜರ್ಮನಿಯಾಗೂ ರೈತರು ರಸ್ತೆದಾಗ ಕುಂತಿದ್ರಂತ, ನನಗ ಗೊತ್ತಿರಲಿಲ್ಲ" ಅಂತ ವಾಯ್ಸ್ ಮೆಸೇಜ್ ಕಳಿಸೀನಿ, ಕೇಳ್ಯಾನ, ಉತ್ತರ ಬಂದಿಲ್ಲ. ಸಂಕ್ರಾಂತಿಗೆ ಅಪ್ಪನ ಕೈಲೆ ಎಳ್ಳು ಬೆಲ್ಲ ಕೊಟ್ಟು ಕಳಸ್ತೀನಿ.

ಗೋಕಾಕದವರಿಗೆ ಒಂದು ಪ್ರಶ್ನೆ ರೀ: ನನ್ನ ಪಾಸ್‌ಪೋರ್ಟಿನ್ಯಾಗ ಬೆಂಗಳೂರಿನ ಬಾಡಿಗಿ ಮನಿ ವಿಳಾಸ ಐತಿ, ಊರಿಂದಲ್ಲ. ಹಂಗಾದ್ರ ಮೊದಲ ಪಾಸ್‌ಪೋರ್ಟ್ ವಿಳಾಸ ಬದಲಿ ಮಾಡಿಸಿ ಆಮ್ಯಾಗ 6ಎ ತುಂಬ್ಲ್ಯಾ? 2028ರ ವಿಧಾನಸಭೆ ಚುನಾವಣೆಗೆ ಇನ್ನೂ ಟೈಮ್ ಐತಿ, ಈಗಿಂದನೇ ಮಾಡ್ಕೊಂಡ್ರ ಚಲೋ ಅನಸಾಕತ್ತೈತಿ.