ಅಪ್‌ಡೇಟ್: ನಕ್ಷತ್ರ ಕೊನೆಗೂ ದುಂಡಗೆ ಬಂತು

ಮಣಿಪಾಲದ ತಾರಸಿಯಿಂದ ಟೆಲಿಸ್ಕೋಪಿನಲ್ಲಿ ಓರಿಯನ್ ನೆಬ್ಯುಲಾದ (ಆಕಾಶದ ಅನಿಲ, ಧೂಳಿನ ಮೋಡ) ಫೋಟೋ ತೆಗೆದರೆ 3 ನಿಮಿಷದ ಎಕ್ಸ್‌ಪೋಶರ್‌ನಲ್ಲಿ ನಕ್ಷತ್ರಗಳು ಅಕ್ಕಿಕಾಳಿನ ಹಾಗೆ ಉದ್ದ ಬರುತ್ತವೆ, ಗೈಡಿಂಗ್ ಗ್ರಾಫ್ (ಟೆಲಿಸ್ಕೋಪ್ ನಕ್ಷತ್ರವನ್ನು ಎಷ್ಟು ಸರಿಯಾಗಿ ಹಿಂಬಾಲಿಸುತ್ತಿದೆ ಅಂತ ತೋರಿಸುವ ಗೆರೆಗಳು) ಕುಣಿಯುತ್ತದೆ ಅಂತ ಕೇಳಿದ್ದೆ ಅಲ್ವಾ, ಸರಿಯಾಯಿತು. ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟ್ ಕೆಟ್ಟಿರಲಿಲ್ಲ, ಸುಮ್ನೆ ಬೈದೆ.

ಮುಖ್ಯ ತಪ್ಪು ಪೋಲಾರ್ ಅಲೈನ್‌ಮೆಂಟ್, ಅಂದರೆ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಸರಿಯಾಗಿ ಗುರಿಯಿಡುವುದು. ನಮ್ಮಲ್ಲಿ ಧ್ರುವ ನಕ್ಷತ್ರ ಇರುವುದೇ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ, ಅದೂ ಪಕ್ಕದ ಮನೆಯ ತೆಂಗಿನ ಮರದ ಹಿಂದೆ, ಹಾಗಾಗಿ ಫೋನಿನ ದಿಕ್ಸೂಚಿ ನಂಬಿ ಅಂದಾಜಿಗೆ ಇಟ್ಟಿದ್ದೆ. ನೀವು ಹೇಳಿದ ಹಾಗೆ ಪಿಎಚ್‌ಡಿ2 ಅನ್ನೋ ಗೈಡಿಂಗ್ ಸಾಫ್ಟ್‌ವೇರ್‌ನಲ್ಲಿ ಡ್ರಿಫ್ಟ್ ಅಲೈನ್ (ನಕ್ಷತ್ರ ಯಾವ ಕಡೆ ಜಾರುತ್ತದೆ ನೋಡಿ ಅಕ್ಷ ಸರಿಪಡಿಸುವುದು) ಮಾಡಿದೆ. ಅದಕ್ಕೆ ಧ್ರುವ ನಕ್ಷತ್ರ ಕಾಣಲೇಬೇಕೆಂದಿಲ್ಲ. ಒಂದು ಗಂಟೆ ಹಿಡಿಯಿತು, ಸೊಳ್ಳೆ ಕಾಟ ಬೇರೆ.

ಆಮೇಲೂ ಗ್ರಾಫಿನಲ್ಲಿ ಡೆಕ್ (ಡೆಕ್ಲಿನೇಷನ್, ಆಕಾಶದ ಉತ್ತರ-ದಕ್ಷಿಣ ದಿಕ್ಕು) ಗೆರೆ ಆಗಾಗ ಜಿಗಿಯುತ್ತಿತ್ತು. ನೋಡಿದರೆ ನೇತಾಡುವ ಕ್ಯಾಮೆರಾ ಕೇಬಲ್ ಟೆಲಿಸ್ಕೋಪನ್ನು ಎಳೆಯುತ್ತಿತ್ತು! ಟೇಪ್ ಸುತ್ತಿ ಕಟ್ಟಿದೆ. ಈಗ ಗೈಡಿಂಗ್ ಎರರ್ 0.9 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ). ಲೆನ್ಸ್ ಮೇಲೆ ಇಬ್ಬನಿ ಕೂರುವುದು ಮಾತ್ರ ಇನ್ನೂ ಬಾಕಿ.