ಸಣ್ಣ ಹರಾಜು ಸೈಟಿನಲ್ಲಿ ಲಿಸ್ಟಿಂಗ್ ಅರ್ಧಕ್ಕೆ ಇಳಿದಿದೆ: ಸೈಟ್ ಮುಳುಗುತ್ತಿದೆಯಾ?

ಅಂಚೆಪ್ರಿಯ, ಹಾಸನ
ಎಲ್ಲರಿಗೂ ನಮಸ್ಕಾರ. ಮೈಸೂರು ಸಂಸ್ಥಾನದ ರೆವಿನ್ಯೂ ಸ್ಟ್ಯಾಂಪು, ಕೋರ್ಟ್ ಫೀ ಸ್ಟ್ಯಾಂಪು, ಹಳೆ ಪೋಸ್ಟ್‌ಕಾರ್ಡು, ಇವು ನನ್ನ ಸರಕು. ಸಂಗ್ರಾಹಕರಿಗೆಂದೇ ಇರುವ ಒಂದು ಚಿಕ್ಕ ವಿದೇಶಿ ಹರಾಜು ಸೈಟಿನಲ್ಲಿ ಮಾರುತ್ತೇನೆ. ಸದ್ಯ ಎಷ್ಟು ಲಾಟ್ (ಮಾರಾಟಕ್ಕಿಟ್ಟ ಒಂದೊಂದು ವಸ್ತು ಅಥವಾ ಕಟ್ಟು) ಹರಾಜಿನಲ್ಲಿವೆ, ಅಂದರೆ ಎಷ್ಟು ಲಿಸ್ಟಿಂಗ್ ಇದೆ ಅಂತ ಅವರು ಮುಖಪುಟದಲ್ಲೇ ತೋರಿಸುತ್ತಾರೆ. ಕಳೆದ ತಿಂಗಳು ಆ ಸಂಖ್ಯೆ ಸರಸರ ಏರಿತು. ಈ ವಾರ ಒಂದೇ ರಾತ್ರಿಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದೆ. ಸೈಟ್ ಮುಚ್ಚುವ ಸೂಚನೆಯಾ ಇದು? ಸರಕು ತೆಗೆದು ಬೇರೆ ಕಡೆ ಹಾಕಲಾ? ಅನುಭವ ಇರುವವರು ದಯವಿಟ್ಟು ಹೇಳಿ.

ರಘು ತುಮಕೂರು
ಮೊದಲು ಫೀ ನೋಡಿ ಸರ್. ಕಳೆದ ತಿಂಗಳು ಉಚಿತ ಲಿಸ್ಟಿಂಗ್ ಅಂತ ಏನಾದರೂ ಕೊಟ್ಟಿದ್ದರಾ?

ಲಿಸ್ಟಿಂಗ್ ಸಂಖ್ಯೆಯನ್ನು ಫೀ ಎಷ್ಟು ಕುಣಿಸುತ್ತದೆ ಅನ್ನೋದಕ್ಕೆ ಯಾಹೂ ಕಂಪನಿಯ ಹಳೆ ಹರಾಜು ಸೈಟ್ ದೊಡ್ಡ ಉದಾಹರಣೆ. ಅಮೆರಿಕದಲ್ಲಿ 1998ರಲ್ಲಿ ಶುರುವಾದಾಗ ಲಾಟ್ ಹಾಕಲು ಕಾಸು ಕೊಡಬೇಕಿರಲಿಲ್ಲ. ಅಲ್ಲಿನ ದೊಡ್ಡ ಹರಾಜು ಸೈಟ್ ಇಬೇಯಲ್ಲಿ ಕೊಡಬೇಕಿತ್ತು. ಹಾಗಾಗಿ ಜನ ಎರಡೂ ಕಡೆ ಹಾಕಿದರು. 2001ರ ಜನವರಿಯಲ್ಲಿ ಯಾಹೂ ಲಾಟಿಗೆ 20 ಸೆಂಟ್‌ನಿಂದ ಶುರುವಾಗುವ ಫೀ ಇಟ್ಟಿತು. ಕೆಲವೇ ವಾರಗಳಲ್ಲಿ ಪಟ್ಟಿಯ ಬಹುಪಾಲು ಖಾಲಿಯಾಯಿತು. ಇಪ್ಪತ್ತು ಸೆಂಟ್ ಯಾರಿಗೂ ದೊಡ್ಡ ಮೊತ್ತವಲ್ಲ. ಆದರೆ ಮಾರಾಟವಾಗುವ ಭರವಸೆಯೇ ಇಲ್ಲದ ಸಾವಿರ ಲಾಟ್ ಇಟ್ಟುಕೊಂಡವನಿಗೆ ಅದು ದೊಡ್ಡದೇ.

ಶೈಲಜಾ ಮೈಸೂರು
ರಘು ಅವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಬಿದ್ದ ದಿನಾಂಕ ನೋಡಿ. ಇಂಥ ಎಷ್ಟೋ ಸೈಟ್‌ಗಳಲ್ಲಿ ಲಾಟಿನ ಆಯಸ್ಸು 30 ದಿನದ ಆಸುಪಾಸು ಇರುತ್ತದೆ. ಉಚಿತ ಅಂದ ದಿನ ಎಲ್ಲರೂ ಒಟ್ಟಿಗೆ ಅಪ್‌ಲೋಡ್ ಮಾಡುತ್ತಾರೆ. ಒಟ್ಟಿಗೆ ಹಾಕಿದ್ದು ಒಟ್ಟಿಗೆ ಮುಗಿಯುತ್ತದೆ. ಮತ್ತೆ ಲಿಸ್ಟ್ ಮಾಡಲು ಕಾಸು ಕೊಡಬೇಕಾದರೆ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಗ್ರಾಫಿನಲ್ಲಿ ಅದು ದೊಡ್ಡ ಕುಸಿತದ ಥರ ಕಾಣುತ್ತದೆ. ಆದರೆ ಆ ಕುಸಿತ ತಿಂಗಳ ಹಿಂದೆಯೇ ತೀರ್ಮಾನವಾಗಿರುತ್ತದೆ. ಅವತ್ತು ರಾತ್ರಿ ಸೈಟಿನಲ್ಲಿ ಹೊಸದಾಗಿ ಏನೂ ನಡೆದಿರೋದಿಲ್ಲ.

ಇನ್ನೊಂದು ಕಾರಣ ಒಬ್ಬನೇ ದೊಡ್ಡ ಮಾರಾಟಗಾರ. ಇಬೇಯಂಥ ಕಡೆ ಒಬ್ಬ ವ್ಯಾಪಾರಿ ಲಕ್ಷ ಲಾಟ್ ತೆಗೆದರೂ ಗೊತ್ತಾಗಲ್ಲ. ಚಿಕ್ಕ ಸೈಟಿನಲ್ಲಿ ಒಂದು ಪೋಸ್ಟ್‌ಕಾರ್ಡ್ ಅಂಗಡಿಯವರು ರಜೆಗೆ ಹೋಗುವಾಗ ಹಾಲಿಡೇ ಮೋಡ್ ಒತ್ತಿದರೆ ಸಾಕು, ಅವರ ಸರಕೆಲ್ಲ ಒಮ್ಮೆಲೇ ಮರೆಯಾಗುತ್ತದೆ. ವಿಭಾಗವಾರು ಸಂಖ್ಯೆ ಇದ್ದರೆ ನೋಡಿ ಹೇಳಿ. ಎಲ್ಲ ವಿಭಾಗಗಳೂ ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಫೀ ಕಾರಣ. ಒಂದೇ ವಿಭಾಗ ಇಳಿದಿದ್ದರೆ ಯಾರೋ ಒಬ್ಬರು ಹೋಗಿದ್ದಾರೆ.

ಸಂತೋಷ್, ಟೊರಾಂಟೊ
ನೀವಿಬ್ಬರೂ ಮಾರುವವರನ್ನೇ ನೋಡುತ್ತಿದ್ದೀರಿ. ನನ್ನ ಪ್ರಕಾರ ಮೂಲ ಕಾರಣ ಕೊಳ್ಳುವವರು. ಲಿಸ್ಟಿಂಗ್ ಸಂಖ್ಯೆ ಅವರ ಹಿಂದೆ ಬರುವ ಲೆಕ್ಕ.

ಜೆನ್ನಿಫರ್ ಬ್ರೌನ್, ಜಾನ್ ಮಾರ್ಗನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಒಂದೇ ಥರದ ನಾಣ್ಯಗಳನ್ನು ಇಬೇಯಲ್ಲೂ ಯಾಹೂದಲ್ಲೂ ಹರಾಜಿಗಿಟ್ಟರು. ಇಬೇಯಲ್ಲಿ 20ರಿಂದ 70 ಶೇಕಡಾ ಜಾಸ್ತಿ ಹಣ ಬಂತು. ಒಬ್ಬ ಮಾರಾಟಗಾರನಿಗೆ ಸರಾಸರಿ ಇಬ್ಬರು ಹೆಚ್ಚು ಬಿಡ್ಡರ್ ಸಿಕ್ಕರು. 2009ರಲ್ಲಿ ಅದು ಪ್ರಕಟವಾಯಿತು. ಹರಾಜಿನಲ್ಲಿ ಇಬ್ಬರು ಜಾಸ್ತಿ ಅಂದರೆ ಎಲ್ಲ ಬದಲಾದಂತೆ. ಒಬ್ಬನೇ ಬಿಡ್ಡರ್ ಇದ್ದರೆ ಲಾಟ್ ಆರಂಭದ ಬೆಲೆಗೇ ಹೋಗುತ್ತದೆ. ಮೂವರಿದ್ದರೆ ನಿಜವಾದ ಬೆಲೆ ಬರುತ್ತದೆ.

ಚಿಕ್ಕ ಸೈಟಿನ ಏರಿಳಿತಕ್ಕೆ ಇದೇ ಕಾರಣ ಅಂತ ನಾನು ನಂಬುತ್ತೇನೆ. ದೊಡ್ಡ ಸೈಟಿನಲ್ಲಿ ಏನಾದರೂ ಬೇಸರ ಆಗುತ್ತದೆ. 2008ರ ಫೆಬ್ರವರಿಯಲ್ಲಿ ಇಬೇ ಫೀ ಬದಲಾಯಿಸಿದಾಗ, ಮಾರುವವರು ಇನ್ನು ಕೊಳ್ಳುವವರಿಗೆ ಕೆಟ್ಟ ಫೀಡ್‌ಬ್ಯಾಕ್ ಕೊಡುವಂತಿಲ್ಲ ಅಂದಾಗ, ಸಾವಿರಾರು ಮಾರಾಟಗಾರರು ಒಂದು ವಾರ ಬಹಿಷ್ಕಾರ ಹಾಕಿದರು. ಇಂಥ ಸಮಯದಲ್ಲೆಲ್ಲ ಜನ ಸಿಟ್ಟಿನಿಂದ ಚಿಕ್ಕ ಸೈಟಿಗೆ ಬಂದು ಇಡೀ ಅಂಗಡಿಯನ್ನೇ ಸುರಿಯುತ್ತಾರೆ. ಲಿಸ್ಟಿಂಗ್ ಏರುತ್ತದೆ. ಆದರೆ ಕೊಳ್ಳುವವರಿಗೆ ಆ ಸಿಟ್ಟು ಇರೋದಿಲ್ಲ, ಅವರು ಇದ್ದಲ್ಲೇ ಇರುತ್ತಾರೆ. ಕೆಲವು ತಿಂಗಳು ಬಿಡ್ ಬಾರದೆ ಮಾರುವವರು ವಾಪಸ್. ಲಿಸ್ಟಿಂಗ್ ಇಳಿಯುತ್ತದೆ.

ಬಸವರಾಜ ಹುಬ್ಬಳ್ಳಿ
ಸಂತೋಷ್ ಅವರೇ, ಕೊಳ್ಳುವವರು ಯಾಕೆ ಬರೋದಿಲ್ಲ? ಸರಕು ಇಲ್ಲದ್ದರಿಂದ. ನಾಲ್ಕೇ ಅಂಗಡಿ ಇರುವ ಸಂತೆಗೆ ಬುಟ್ಟಿ ಹಿಡಿದು ಯಾರೂ ಹೋಗೋದಿಲ್ಲ. ಹುಡುಕುವವರು ‘ಮೈಸೂರು’ ಅಂತ ಟೈಪ್ ಮಾಡಿದಾಗ ಆರು ಲಾಟ್ ಬಂದರೆ ಆ ಸೈಟಿಗೆ ಮತ್ತೆ ಬರಲ್ಲ. ಮುನ್ನೂರು ಬಂದರೆ ಬುಕ್‌ಮಾರ್ಕ್ ಮಾಡುತ್ತಾರೆ. ಅದಕ್ಕೇ ಉಚಿತ ಲಿಸ್ಟಿಂಗ್ ಒಳ್ಳೆಯದೇ ಅನ್ನುತ್ತೇನೆ.

ಜಪಾನ್ ನೋಡಿ. ಯಾಹೂ ಅಲ್ಲಿ 1999ರಲ್ಲಿ ಉಚಿತವಾಗಿ ಶುರು ಮಾಡಿತು. ಇಬೇ 2000ದಲ್ಲಿ ಫೀ ಇಟ್ಟುಕೊಂಡೇ ಬಂತು. ಅಷ್ಟರಲ್ಲಿ ಸರಕೆಲ್ಲ ಯಾಹೂ ಕಡೆ ಇತ್ತು. 2002ರಲ್ಲಿ ಇಬೇ ಜಪಾನ್ ಬಿಟ್ಟು ಹೋಯಿತು. ಸರಕು ಮೊದಲು ಬಂತು, ಕೊಳ್ಳುವವರು ಆಮೇಲೆ ಬಂದರು.

ಸಂತೋಷ್, ಟೊರಾಂಟೊ
ಜಪಾನಿನಲ್ಲಿ ಮೊದಲು ಬಂದವರು ಯಾಹೂ. ಎದುರಿಗೆ ಬೇರೆ ದೊಡ್ಡ ಮಾರುಕಟ್ಟೆ ಇರಲಿಲ್ಲ. ನಾವು ಮಾತಾಡುತ್ತಿರುವುದು ಆಗಲೇ ಒಬ್ಬ ದೈತ್ಯ ಇರುವ ಕಡೆ ಎರಡನೆಯವರಾಗಿ ಬದುಕುವ ಸೈಟ್ ಬಗ್ಗೆ. ಅಮೆರಿಕದ ಯಾಹೂ ಹರಾಜು 2005ರಲ್ಲಿ ಮತ್ತೆ ಉಚಿತ ಮಾಡಿತು. 2007ರ ಜೂನ್‌ನಲ್ಲಿ ಮುಚ್ಚಿತು. ಉಚಿತ ಅನ್ನೋದೇ ಸಾಕಾಗಿದ್ದರೆ ಅದು ಉಳಿಯಬೇಕಿತ್ತು.

ವಿನುತಾ, ಮ್ಯೂನಿಕ್
ನಾನು ಮಾರುವವಳಲ್ಲ, ಕೊಳ್ಳುವವಳು. ಕೊಡಗು, ಮೈಸೂರಿನ ಹಳೆ ಚಿತ್ರ ಪೋಸ್ಟ್‌ಕಾರ್ಡ್ ಸಂಗ್ರಹಿಸುತ್ತೇನೆ. ಒಟ್ಟು ಸಂಖ್ಯೆಯನ್ನು ನಾನು ನೋಡುವುದೇ ಇಲ್ಲ. ಹುಡುಕಾಟ ಸೇವ್ ಮಾಡಿಟ್ಟಿದ್ದೇನೆ, ಹೊಸದು ಬಂದರೆ ಮೇಲ್ ಬರುತ್ತದೆ. ಅದೇ ಹತ್ತು ಕಾರ್ಡು ಅದೇ ದುಬಾರಿ ಬೆಲೆಗೆ ಪದೇ ಪದೇ ರಿಲಿಸ್ಟ್ ಆಗಿ ಮೇಲ್ ಬಂದರೆ ಆ ಮೇಲ್ ನಿಲ್ಲಿಸುತ್ತೇನೆ. ಬಸವರಾಜ್ ಅವರೇ, ಮುನ್ನೂರು ಲಾಟ್‌ನಲ್ಲಿ ಇನ್ನೂರೆಂಬತ್ತು ಹಳೆಯವೇ ಆದರೆ ನನಗೆ ಅದು ಇಪ್ಪತ್ತು ಲಾಟಿನ ಸೈಟ್.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 22 ಯೂರೋ ಒಳಗಿನ ಪಾರ್ಸೆಲ್ಲಿಗೆ ಆಮದು ವ್ಯಾಟ್ ಇರಲಿಲ್ಲ. 2021ರ ಜುಲೈ 1ರಿಂದ ಆ ವಿನಾಯಿತಿ ಹೋಯಿತು. ಐದು ಯೂರೋ ಕಾರ್ಡಿಗೂ ತೆರಿಗೆ, ಅದರ ಜೊತೆಗೆ ತಂದುಕೊಡುವವರ ಸೇವಾ ಶುಲ್ಕ. ಹಾಗಾಗಿ ಭಾರತದಿಂದ ಒಂದೊಂದೇ ಕಾರ್ಡು ಕೊಳ್ಳುವುದನ್ನು ಬಿಟ್ಟೆ. ಈಗ ಒಬ್ಬರಿಂದಲೇ ಒಟ್ಟಿಗೆ ಕೊಳ್ಳುತ್ತೇನೆ.

ಶೈಲಜಾ ಮೈಸೂರು
ವಿನುತಾ ಹೇಳಿದ್ದು ತುಂಬ ಮುಖ್ಯ. ಅಂಚೆ ನಿಯಮ ಬದಲಾದಾಗ ಲಿಸ್ಟಿಂಗ್ ಎಷ್ಟು ಅಲ್ಲಾಡುತ್ತದೆ ಅನ್ನೋದನ್ನು 2025ರಲ್ಲಿ ನಾವೆಲ್ಲ ಕಂಡೆವು. 800 ಡಾಲರ್ ಒಳಗಿನ ಪಾರ್ಸೆಲ್ಲಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕ ಆಗಸ್ಟ್ 29ರಿಂದ ತೆಗೆಯಿತು. ಸುಂಕ ಯಾರು ವಸೂಲಿ ಮಾಡಬೇಕು ಅನ್ನೋದೇ ಸ್ಪಷ್ಟ ಇರಲಿಲ್ಲ. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಲ್ಲಿಗೆ ಸರಕು ಕಳಿಸುವುದನ್ನು ನಿಲ್ಲಿಸಿತು. ಮತ್ತೆ ಶುರುವಾದದ್ದು ಅಕ್ಟೋಬರ್ ಮಧ್ಯದಲ್ಲಿ. ಆ ಹೊತ್ತಿನಲ್ಲಿ ಇಲ್ಲಿಂದ ಮಾರುವ ಎಷ್ಟೋ ಜನ ತಮ್ಮ ಲಾಟ್‌ಗಳನ್ನು ಮರೆ ಮಾಡಿಟ್ಟರು. ಮಾರಿದ ಮೇಲೆ ಕಳಿಸಲಾಗದೆ ಕೆಟ್ಟ ರೇಟಿಂಗ್ ತೆಗೆದುಕೊಳ್ಳುವುದು ಯಾರಿಗೆ ಬೇಕು? ಅದರಲ್ಲಿ ಸೈಟಿನ ತಪ್ಪೂ ಇಲ್ಲ, ಮಾರುವವರ ತಪ್ಪೂ ಇಲ್ಲ.

ಗಿರೀಶ್ ಶಿವಮೊಗ್ಗ
ಋತುವೂ ಒಂದು ಕಾರಣ. ಯುರೋಪಿನ ಸಂಗ್ರಾಹಕರು ಬೇಸಿಗೆಯಲ್ಲಿ ಮನೆಯಲ್ಲಿ ಕೂರುವುದಿಲ್ಲ. ಚಳಿಗಾಲ ಬಂದರೆ ಆಲ್ಬಂ ತೆಗೆಯುತ್ತಾರೆ. ಅದನ್ನು ಬಲ್ಲ ವ್ಯಾಪಾರಿಗಳು ಒಳ್ಳೆಯ ಸರಕನ್ನು ಅಕ್ಟೋಬರ್ ತನಕ ಹಿಡಿದಿಡುತ್ತಾರೆ. ಜುಲೈ ಸಂಖ್ಯೆಯನ್ನು ಡಿಸೆಂಬರ್ ಸಂಖ್ಯೆ ಜೊತೆ ಹೋಲಿಸಬೇಡಿ. ಹಿಂದಿನ ವರ್ಷದ ಜುಲೈ ಜೊತೆ ಹೋಲಿಸಿ.

ಬಸವರಾಜ ಹುಬ್ಬಳ್ಳಿ
ಒಪ್ಪಿದೆ. ಆದರೆ ನಮ್ಮ ದೇಶದ ಒಳಗಿನ ಕಥೆ ಬೇರೆ, ಅದನ್ನೂ ಹೇಳಲೇಬೇಕು. ನಮಗೆ ಬಾಜೀ ಡಾಟ್ ಕಾಮ್ ಇತ್ತು. 2004ರಲ್ಲಿ ಇಬೇ ಅದನ್ನು ಕೊಂಡಿತು, ಇಬೇ ಇಂಡಿಯಾ ಆಯಿತು. ನಾಣ್ಯ, ನೋಟು, ಸ್ಟ್ಯಾಂಪಿನವರಿಗೆ ಅದೇ ಮನೆ. 786 ನಂಬರಿನ ನೋಟಿಗೆ ಅಲ್ಲಿ ಎಂಥ ಬಿಡ್ ಬರುತ್ತಿತ್ತು! 2017ರಲ್ಲಿ ಅದು ಫ್ಲಿಪ್‌ಕಾರ್ಟ್ ಕೈಗೆ ಹೋಯಿತು. 2018ರ ಆಗಸ್ಟ್ 14ಕ್ಕೆ ಮುಚ್ಚಿತು. ಆಮೇಲೆ ನಾವೆಲ್ಲ ಎಲ್ಲಿಗೆ ಹೋದೆವು? ಫೇಸ್‌ಬುಕ್ ಗುಂಪಿಗೆ, ವಾಟ್ಸಾಪ್ ಗುಂಪಿಗೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಂಜೆ ಫೋಟೋ ಹಾಕುತ್ತಾರೆ, ಆರಂಭದ ಬೆಲೆ ಇಷ್ಟು, ಏರಿಕೆ ಕನಿಷ್ಠ 50 ರೂಪಾಯಿ, ರಾತ್ರಿ ಇಷ್ಟು ಗಂಟೆಗೆ ಮುಕ್ತಾಯ. ಆ ಫೋಟೋಗೆ ರಿಪ್ಲೈ ಮಾಡಿದರೆ ಅದೇ ಬಿಡ್. ಗೆದ್ದವರು ಯುಪಿಐ ಮಾಡುತ್ತಾರೆ, ಮರುದಿನ ಸ್ಪೀಡ್ ಪೋಸ್ಟ್. ಬಹಳ ಗುಂಪುಗಳಲ್ಲಿ ಕಮಿಷನ್ ಇಲ್ಲ. ಈ ಹರಾಜು ಯಾವ ಸೈಟಿನ ಲೆಕ್ಕದಲ್ಲೂ ಬರೋದಿಲ್ಲ. ಒಳ್ಳೆಯ ಸರಕು ಮೊದಲು ಗುಂಪಿಗೆ ಹೋಗುತ್ತದೆ. ಅಲ್ಲಿ ಮಾರಾಟವಾಗದೆ ಉಳಿದದ್ದು ಸೈಟಿಗೆ ಬರುತ್ತದೆ. ಸೈಟಿನಲ್ಲಿ ಲಿಸ್ಟಿಂಗ್ ಇಳಿದರೆ ವ್ಯಾಪಾರ ಸತ್ತಿತು ಅಂತ ಅಲ್ಲ, ಜಾಗ ಬದಲಾಗಿರಬಹುದು.

ರಘು ತುಮಕೂರು
ಬಸಣ್ಣ, ಆ ಗುಂಪುಗಳ ಬಗ್ಗೆ ನನಗೆ ನಿಜಕ್ಕೂ ನೋವಿದೆ. ಕೆಳಗೆ ಸ್ಕ್ರೋಲ್ ಆಗಿ ಹೋದ ಮೇಲೆ ಯಾವ ಸ್ಟ್ಯಾಂಪು ಎಷ್ಟಕ್ಕೆ ಹೋಯಿತು ಅನ್ನುವ ದಾಖಲೆಯೇ ಉಳಿಯಲ್ಲ. ಮೈಸೂರು ಫಿಸ್ಕಲ್‌ಗಳ (ರೆವಿನ್ಯೂ, ಕೋರ್ಟ್ ಫೀ ಸ್ಟ್ಯಾಂಪುಗಳ) ಥರದ ಸಣ್ಣ ವಿಷಯಕ್ಕೆ ಬೆಲೆ ತಿಳಿಸುವ ಪುಸ್ತಕ ಅಂಗಡಿಯಲ್ಲಿ ಸುಲಭಕ್ಕೆ ಸಿಗೋದಿಲ್ಲ. ಹೊಸದಾಗಿ ಶುರು ಮಾಡಿದ ಹುಡುಗ ಬೆಲೆ ಕಲಿಯುವುದು ಮುಗಿದ ಹರಾಜುಗಳನ್ನು ನೋಡಿಯೇ. ಚಿಕ್ಕ ಸೈಟ್ ಮುಚ್ಚಿದರೆ ಆ ದಾಖಲೆ ಪೂರ್ತಿ ಅಳಿಸಿಹೋಗುತ್ತದೆ. ಆದ್ದರಿಂದಲೇ ಈ ಸೈಟ್‌ಗಳು ಉಳಿಯಬೇಕು ಅಂತ ನಾನು ಹಟ ಹಿಡಿಯುವುದು.

ಅಂಚೆಪ್ರಿಯ, ಹಾಸನ
ಎಲ್ಲರಿಗೂ ಧನ್ಯವಾದ. ಶೈಲಜಾ ಮೇಡಂ ಹೇಳಿದ ಹಾಗೆ ವಿಭಾಗವಾರು ನೋಡಿದೆ. ಕಳೆದ ತಿಂಗಳು ಉಚಿತ ಲಿಸ್ಟಿಂಗ್ ವಾರ ಇದ್ದದ್ದು ನಿಜ. ಆದರೆ ಇಳಿದದ್ದರಲ್ಲಿ ಹೆಚ್ಚಿನದು ಯುರೋಪಿನ ಪೋಸ್ಟ್‌ಕಾರ್ಡ್ ವಿಭಾಗದಲ್ಲೇ. ಭಾರತೀಯ ಸಂಸ್ಥಾನಗಳ ವಿಭಾಗ ಹೆಚ್ಚೇನೂ ಬದಲಾಗಿಲ್ಲ. ನನ್ನ ಲಾಟ್‌ಗಳಿಗೆ ಬರುತ್ತಿದ್ದ ಬಿಡ್ ಕೂಡ ಹಾಗೇ ಇದೆ.

ಶೈಲಜಾ ಮೈಸೂರು
ಹಾಗಾದರೆ ಎರಡೂ ಸೇರಿದೆ. ಉಚಿತ ವಾರದಲ್ಲಿ ಯಾರೋ ಒಬ್ಬ ಕಾರ್ಡ್ ವ್ಯಾಪಾರಿ ಇಡೀ ಗೋದಾಮು ಸುರಿದಿದ್ದಾರೆ, ಅವಧಿ ಮುಗಿದಿದೆ, ಮತ್ತೆ ಹಾಕಿಲ್ಲ. ನಿಮ್ಮ ಸರಕಿಗೂ ಅದಕ್ಕೂ ಸಂಬಂಧ ಇಲ್ಲ. ಒಟ್ಟು ಸಂಖ್ಯೆ ಬಿಡಿ. ಇನ್ನು ಮೇಲೆ ಎರಡು ವಿಷಯ ಬರೆದಿಟ್ಟುಕೊಳ್ಳಿ: ನಿಮ್ಮ ವಿಭಾಗಕ್ಕೆ ವಾರದಲ್ಲಿ ಹೊಸದಾಗಿ ಎಷ್ಟು ಲಾಟ್ ಬಂತು, ಮುಗಿದವುಗಳಲ್ಲಿ ಎಷ್ಟಕ್ಕೆ ಬಿಡ್ ಬಂದಿತ್ತು.

ಮಾರುವ ತನಕ ಲಾಟ್ ಹಾಗೇ ಇರುವ ಸೈಟ್‌ಗಳಲ್ಲಿ ಒಟ್ಟು ಸಂಖ್ಯೆ ಇನ್ನೂ ಮೋಸ ಮಾಡುತ್ತದೆ. ಇಬೇಯಲ್ಲೇ 2006ರಲ್ಲಿ ಅಂಗಡಿ ಸರಕನ್ನು (ಮಾರಾಟಗಾರರು ಅಲ್ಲಿನ ತಮ್ಮ ಆನ್‌ಲೈನ್ ಅಂಗಡಿಯಲ್ಲಿ ನಿಗದಿತ ಬೆಲೆಗೆ ಇಟ್ಟದ್ದನ್ನು) ಮುಖ್ಯ ಹುಡುಕಾಟಕ್ಕೆ ಸೇರಿಸಿದಾಗ ಪಟ್ಟಿಯ ತುಂಬ ಅದೇ ಕಾಣತೊಡಗಿತು, ಮಾರಾಟದಲ್ಲಿ ಅದರ ಪಾಲು ಮಾತ್ರ ಸಣ್ಣದು. ಅದೇ ವರ್ಷ ಅದರ ಫೀ ಏರಿಸಿ ಅಂಥ ಲಿಸ್ಟಿಂಗ್ ಕಡಿಮೆ ಮಾಡಿದರು. ಇಬೇ ಅಷ್ಟು ದೊಡ್ಡದಾಗಿದ್ದೂ ತಾನಾಗಿಯೇ ಲಿಸ್ಟಿಂಗ್ ಇಳಿಸಿತು, ನೋಡಿ.

ಬಸವರಾಜ ಹುಬ್ಬಳ್ಳಿ
ಇಬೇಗೆ ಇಳಿಸಲು ಧೈರ್ಯ ಇತ್ತು, ಯಾಕೆಂದರೆ ಇಳಿದ ಮೇಲೂ ಸರಕು ಬೇಕಾದಷ್ಟಿತ್ತು. ಚಿಕ್ಕ ಸೈಟಿಗೆ ಆ ಅನುಕೂಲ ಇಲ್ಲ ಮೇಡಂ. ನನ್ನ ಮಾತು ನಾನು ಬಿಡಲ್ಲ. ಹುಡುಕಿದಾಗ ಏನೂ ಸಿಗದಿದ್ದರೆ ಹೊಸಬರು ನಿಲ್ಲೋದಿಲ್ಲ.

ವಿನುತಾ, ಮ್ಯೂನಿಕ್
ಬಸವರಾಜ್ ಅವರೇ, ಸಿಗಬೇಕು, ನಿಜ. ಆದರೆ ಹೊಸದು ಸಿಗಬೇಕು, ಆರಂಭದ ಬೆಲೆ ಕಡಿಮೆ ಇರಬೇಕು. ಒಂದು ಯೂರೋದಿಂದ ಶುರುವಾಗುವ ಐದು ಲಾಟ್ ಇದ್ದರೆ ನಾನು ಆ ಮಾರಾಟಗಾರರ ಉಳಿದ ಸರಕನ್ನೂ ನೋಡುತ್ತೇನೆ. ಪಾರ್ಸೆಲ್ ಒಂದೇ ಆಗುತ್ತದಲ್ವಾ, ಜೊತೆಗೆ ನಿಗದಿತ ಬೆಲೆಯದ್ದನ್ನೂ ಸೇರಿಸಿ ಕೊಳ್ಳುತ್ತೇನೆ.

ಅಂಚೆಪ್ರಿಯ, ಹಾಸನ
ಇದು ಮಾಡಬಹುದು. ಸರಕು ತೆಗೆಯುವುದಿಲ್ಲ. ಕೋರ್ಟ್ ಫೀ ಸ್ಟ್ಯಾಂಪಿನ ಡೂಪ್ಲಿಕೇಟುಗಳನ್ನು (ನನ್ನಲ್ಲಿ ಒಂದಕ್ಕಿಂತ ಹೆಚ್ಚಿರುವ ಪ್ರತಿಗಳನ್ನು) ಪ್ರತಿ ಭಾನುವಾರ ಸ್ವಲ್ಪ ಸ್ವಲ್ಪ ಕಡಿಮೆ ಬೆಲೆಯಿಂದ ಹರಾಜಿಗೆ ಹಾಕುತ್ತೇನೆ, ಒಟ್ಟಿಗೆ ಸುರಿಯಲ್ಲ. ಸ್ಕ್ಯಾನ್ ಮಾಡಿ ಆಗಿದೆ. ವಿನುತಾ ಅವರೇ, ಕೊಡಗಿನ ಎರಡು ಕಾರ್ಡ್ ಇವೆ, ಅವನ್ನೂ ಈ ವಾರ ಹಾಕುತ್ತೇನೆ.