ಬೈಕ್ ಹುಚ್ಚಿನವರೇ, ಮನೆಯಲ್ಲಿ ಯಾವ ಕಾರು ಇಟ್ಟುಕೊಂಡಿದ್ದೀರಿ?

ಯೆಜ್ಡಿ ಸದಾಶಿವಗಡ
ಇಲ್ಲಿ ಎಲ್ಲರೂ ಬೈಕಿನ ಫೋಟೊ ಹಾಕುತ್ತೀರಿ, ಕಾರಿನದ್ದು ಒಬ್ಬರೂ ಹಾಕುವುದಿಲ್ಲ. ಮಳೆಗಾಲದಲ್ಲಿ ನೀವೆಲ್ಲ ಯಾವುದರಲ್ಲಿ ಓಡಾಡುತ್ತೀರಿ ಮಾರಾಯ್ರೆ? ನನ್ನ ಹತ್ತಿರ ಮೈಸೂರಲ್ಲಿ ತಯಾರಾದ ಹಳೆ ಯೆಜ್ಡಿ ಇದೆ, ದಿನದ ಓಡಾಟಕ್ಕೆ ಒಂದು ಬುಲೆಟ್ 350. ಮನೆ ಸದಾಶಿವಗಡದಲ್ಲಿ, ಕೆಲಸ ಕಾರವಾರ ಪೇಟೆಯಲ್ಲಿ. 2024ರ ಆಗಸ್ಟಲ್ಲಿ ಎರಡರ ನಡುವಿನ ಕಾಳಿ ನದಿಯ ಹಳೆ ಸೇತುವೆ ಬಿದ್ದ ಮೇಲೆ ಹೋಗುವವರಿಗೂ ಬರುವವರಿಗೂ ಒಂದೇ ಸೇತುವೆ, ಅದರ ಮೇಲೆ ಜುಲೈ ಗಾಳಿ, ಎದುರಿಗೆ ಲಾರಿ, ಹಿಂದೆ ಅಮ್ಮನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವುದು ಇನ್ನು ಸಾಧ್ಯವಿಲ್ಲ. ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ, ಮೂರು ಲಕ್ಷದೊಳಗೆ. ಗೋವಾ ಪಾಸಿಂಗ್ (ಗೋವಾದಲ್ಲಿ ನೋಂದಣಿಯಾದ) ಕಾರೊಂದು ಅಗ್ಗಕ್ಕೆ ಸಿಗುತ್ತಿದೆ, ಅದೂ ತಲೆಯಲ್ಲಿದೆ. ಓಡಿಸಲು ಮಜಾ ಬರುವಂಥದ್ದೇ ಬೇಕಾ, ಅಥವಾ ಸುಮ್ನೆ ನಾಲ್ಕು ಚಕ್ರ ಇದ್ದರೆ ಸಾಕಾ?

ತೋಟದ ಆರ್‌ಎಕ್ಸ್, ಶಿರಸಿ
ಮಜಾಕ್ಕೆ ಬೈಕ್ ಇದೆಯಲ್ಲ, ಕಾರಿನ ಹತ್ತಿರ ಕೆಲಸ ಮಾಡಿಸಿ. ನಮ್ಮಲ್ಲಿರುವುದು ಓಮ್ನಿ. 2019ರಲ್ಲಿ ತಯಾರಿಕೆ ನಿಂತಿತು, ನಮ್ಮ ಕಡೆ ತೋಟದ ಮನೆಗಳಲ್ಲಿ ಇನ್ನೂ ನಿಂತಿಲ್ಲ. ಹಿಂದಿನ ಸೀಟು ತೆಗೆದಿಟ್ಟರೆ ಅಡಿಕೆ ಚೀಲ, ಗೊಬ್ಬರ, ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪು, ಎಲ್ಲ ಹಿಡಿಯುತ್ತದೆ. ಒಮ್ಮೆ ನನ್ನ ಆರ್‌ಎಕ್ಸ್ 100 ಅನ್ನೇ ಮುಂದಿನ ಚಕ್ರ ಬಿಚ್ಚಿ ಒಳಗೆ ಮಲಗಿಸಿ ಪೇಟೆಗೆ ತಂದಿದ್ದೆ, ಬೈಕ್ ಕೆಟ್ಟಾಗ ಕಾರಿನಿಂದ ಇದಕ್ಕಿಂತ ಜಾಸ್ತಿ ಏನು ಬೇಕು? ಹಿಂದಿನ ಚಕ್ರಕ್ಕೆ ಎಳೆತ ಇರುವ ಗಾಡಿ ಅದು. ಹಿಂದೆ ಲೋಡ್ ಇದ್ದರೆ ಕೆಸರಿನ ಏರಿಯಲ್ಲಿ ಹತ್ತುತ್ತದೆ, ಖಾಲಿ ಇದ್ದರೆ ಚಕ್ರ ಸುಮ್ನೆ ತಿರುಗುತ್ತದೆ ಅಷ್ಟೆ. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ಹಾಗಾಗಿ ಏಪ್ರಿಲ್‌ನಲ್ಲಿ ಕುಂಡೆ ಬಿಸಿ, ಜುಲೈಯಲ್ಲಿ ಹಿತ.

ಒಂದು ಮಾತು, ಅಮ್ಮನಿಗೆ ಅಂತಾದರೆ ಓಮ್ನಿ ಬೇಡ. ಮುಂದೆ ಮೂತಿಯೇ ಇಲ್ಲ, ಗುದ್ದಿದರೆ ಮೊದಲು ಸಿಗುವುದು ಮೊಣಕಾಲು.

ಎಡಗಾಲಿಗೆ ರಜೆ, ಕುಮಟಾ
ನನ್ನದು ವ್ಯಾಗನಾರ್, ಎಎಂಟಿ, ಅಂದರೆ ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವಂಥದ್ದು. ಇದನ್ನು ಹೇಳಿದರೆ ರೈಡರ್‌ಗಳು ನಗುತ್ತಾರೆ, ನಗಲಿ. ಬೈಕಲ್ಲಿ ಗೇರ್ ಹಾಕುವುದು ಎಡಗಾಲು, ಕಾರಲ್ಲಿ ಕ್ಲಚ್ ಒತ್ತುವುದೂ ಅದೇ ಕಾಲು, ಅದಕ್ಕೂ ಒಂದು ರಜೆ ಬೇಡವಾ? ಛಾವಣಿ ಎತ್ತರ, ಸೀಟೂ ಎತ್ತರ, ಮೊಣಕಾಲು ನೋವಿನ ಅಮ್ಮ ಬಗ್ಗದೆ ಹತ್ತಿ ಕೂರುತ್ತಾರೆ. ನಿಮಗೆ ಇದೇ ಸರಿ.

ಆದರೆ ದೇವಿಮನೆ ಘಾಟ್ ಇಳಿಯುವಾಗ ತಾನೇ ಗೇರ್ ಬದಲಿಸುವ ‘ಡಿ’ ಅಲ್ಲಿ ಬಿಡಬೇಡಿ. ಮ್ಯಾನುಯಲ್‌ಗೆ ಹಾಕಿ, ಎರಡನೇ ಗೇರಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಸಿ, ವೇಗವನ್ನು ಎಂಜಿನ್ನೇ ತಡೆಯುತ್ತದೆ. ಬುಲೆಟ್ ಓಡಿಸುವವರಿಗೆ ಇದು ಹೇಳಿಕೊಡಬೇಕಾಗಿಲ್ಲ, ಆರ್‌ಎಕ್ಸ್ ಥರದ ಟೂ ಸ್ಟ್ರೋಕ್‌ನವರಿಗೆ ಹೇಳಬೇಕು. ಅವರಿಗೆ ಎಂಜಿನ್ ಹಿಡಿತ ಅಂದರೆ ಏನು ಅಂತಲೇ ಗೊತ್ತಿಲ್ಲ 😄

ತೋಟದ ಆರ್‌ಎಕ್ಸ್, ಶಿರಸಿ
ನಮಗೆ ಬ್ರೇಕ್ ಹಿಡಿಯುವುದೂ ಗೊತ್ತಿಲ್ಲ ಭಾವ, ಬರೀ ಹೊಗೆ ಬಿಡುವುದು ಗೊತ್ತು.

ಉಪ್ಪುಗಾಳಿ ಅಂಕೋಲಾ
ಯಾವ ಕಂಪನಿ ಅನ್ನುವುದು ಆಮೇಲಿನ ಮಾತು. ಕರಾವಳಿಯಲ್ಲಿ ಓಡಿದ ಕಾರಾದರೆ ಮೊದಲು ತುಕ್ಕು ನೋಡಿ. ಪೇಂಟ್ ಮಿರಮಿರ ಹೊಳೆಯುತ್ತದೆ, ಅದನ್ನು ನಂಬಬೇಡಿ. ಬಾಗಿಲು ತೆರೆದು ಕೆಳಗಿನ ಅಂಚಿನಲ್ಲಿ ಬೆರಳು ಓಡಿಸಿ. ಅಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ, ಗಾಜಿನ ಪಕ್ಕದಿಂದ ಒಳಗಿಳಿದ ಮಳೆನೀರು ಹೊರಗೆ ಹೋಗಲು. ಧೂಳು, ಕಸ ಸೇರಿ ಅದು ಕಟ್ಟಿಕೊಂಡರೆ ನೀರು ಬಾಗಿಲೊಳಗೇ ನಿಂತು, ಒಳಗಿಂದ ತಿಂದು ಬರುತ್ತದೆ. ಪೇಂಟ್ ಗುಳ್ಳೆ ಎದ್ದದ್ದು ಕಣ್ಣಿಗೆ ಬೀಳುವಷ್ಟರಲ್ಲಿ ತಗಡು ಹೋಗಿರುತ್ತದೆ. ನಾನು ಮಳೆಗಾಲಕ್ಕೆ ಮೊದಲು ಒಂದು ಹಿಡಿಕಡ್ಡಿ ತೆಗೆದುಕೊಂಡು ಎಲ್ಲ ತೂತು ಚುಚ್ಚಿ ಬಿಡಿಸುತ್ತೇನೆ, ಪೈಸೆ ಖರ್ಚಿಲ್ಲ. ಆಮೇಲೆ ಮ್ಯಾಟ್ ಎತ್ತಿ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ತಿರುಗಿ ನೋಡದೆ ಬನ್ನಿ.

ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಹೆಚ್ಚಾದಷ್ಟೂ ಬೇಗ ಕುದಿಯುತ್ತದೆ, ಘಾಟ್ ಇಳಿಯುವಾಗ ಪೆಡಲ್ ಮೆತ್ತಗಾಗುವುದು ಅದಕ್ಕೇ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಗೋವಾ ಪಾಸಿಂಗ್ ಬಗ್ಗೆ: ಜಿಎ ನಂಬರಿನ ಕಾರು ಕಾರವಾರದಲ್ಲೇ ಇಟ್ಟುಕೊಳ್ಳುವುದಾದರೆ ಅಲ್ಲಿಂದ ಎನ್‌ಒಸಿ ತಂದು ಕಾರವಾರದ ನಂಬರ್ ಕೆಎ-30ಕ್ಕೆ ಬದಲಿಸಬೇಕು, ಇಲ್ಲಿನ ಟ್ಯಾಕ್ಸ್ ಕಟ್ಟಬೇಕು. ಅದೆಲ್ಲ ಕೂಡಿಸಿ ಲೆಕ್ಕ ಹಾಕಿ, ಆಮೇಲೆ ಅಗ್ಗವೋ ಅಲ್ಲವೋ ಹೇಳಿ.

ಅಣಶಿ ತಿರುವು, ಜೋಯಿಡಾ
ನಮ್ಮ ಕಡೆ ಬೊಲೆರೊ ಬಿಟ್ಟು ಬೇರೆ ಮಾತಿಲ್ಲ, ನಿಮಗೆ ಅದು ಬೇಡ. ನಾನು ಹೇಳಬೇಕಾದದ್ದು ಯೆಜ್ಡಿ ಬಗ್ಗೆ. ಕಾರು ಬಂದ ಮೇಲೆ ಬೈಕ್ ತಿಂಗಳುಗಟ್ಟಲೆ ನಿಲ್ಲುತ್ತದೆ, ಬೈಕ್ ಹಾಳಾಗುವುದು ಓಡಿಸಿದ್ದಕ್ಕಿಂತ ನಿಲ್ಲಿಸಿದ್ದಕ್ಕೇ ಜಾಸ್ತಿ. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಇದೆ, ಅದು ನೀರು ಎಳೆದುಕೊಳ್ಳುತ್ತದೆ. ನಿಲ್ಲಿಸುವ ಮೊದಲು ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ, ಕಾರ್ಬ್ಯುರೇಟರ್ ಖಾಲಿಯಾಗುತ್ತದೆ.

ಯೆಜ್ಡಿ ಸದಾಶಿವಗಡ
ಎಲ್ಲರಿಗೂ ಥ್ಯಾಂಕ್ಸ್. ಗೋವಾ ಕಾರು ಕೈಬಿಟ್ಟೆ. ಕುಮಟಾದ ಅಣ್ಣ, ನಿಮ್ಮ ಊರಲ್ಲಿ ಕೆಎ-47 ವ್ಯಾಗನಾರ್ ಒಂದು ಮಾರಾಟಕ್ಕಿದೆ ಅಂತ ಜಾಹೀರಾತು ನೋಡಿದೆ, ಸಿಂಗಲ್ ಓನರ್ ಅನ್ನುತ್ತಾರೆ. ಭಾನುವಾರ ಬಂದರೆ ಜೊತೆಗೆ ಬರುತ್ತೀರಾ?

ಎಡಗಾಲಿಗೆ ರಜೆ, ಕುಮಟಾ
ಬನ್ನಿ, ಆದರೆ ಬೆಳಿಗ್ಗೆ ಬೇಗ. ತಣ್ಣಗಿರುವಾಗಲೇ ಎಂಜಿನ್ ಸ್ಟಾರ್ಟ್ ಮಾಡಿ ನೋಡಬೇಕು, ಮೊದಲೇ ಬಿಸಿ ಮಾಡಿ ಇಡಬೇಡಿ ಅಂತ ಅವರಿಗೆ ಫೋನಲ್ಲೇ ಹೇಳಿ. ಹಿಡಿಕಡ್ಡಿ ನಾನು ತರುತ್ತೇನೆ.